ಮಾವನ ಲಾರಿಗೊಂದು ಸೂರ್ಯ

ಸೂರ್ಯನನ್ನು ಹಿಡಿದು ಮಿಲಿಟರಿ ಲಾರಿಯ ಬಾನೆಟ್ಟಿನೊಳಗೆ ಕೂರಿಸುವ ಕೆಲಸಕ್ಕೆ ನಾನು ಒಪ್ಪಿಕೊಂಡದ್ದು ಅಚ್ಚಿನಲ್ಲಿ ಹೆಸರು ನೋಡುವ ಚಪಲದಿಂದ. ಎಂಬತ್ತರ ದಶಕದ ಮೊದಲ ವರ್ಷಗಳು. ಕೊಪ್ಪದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಒಂದು ವಾರಪತ್ರಿಕೆಗೆ ಆಗಾಗ ‘ಹಲ್ಲಿ ಗೋಡೆಯಿಂದ ಏಕೆ ಬೀಳುವುದಿಲ್ಲ’ ಎಂಬಂಥ ಲೇಖನ ಬರೆದು, ಅದು ಅಚ್ಚಾದ ಪುಟವನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಮರೆತವನಂತೆ ಬಿಟ್ಟು ಬರುತ್ತಿದ್ದೆ. ಅದರ ಮೇಲೆ ಬೋಂಡ ಇಟ್ಟು ತಿನ್ನುತ್ತಿದ್ದರೇ ಹೊರತು ಯಾರೂ ಓದುತ್ತಿರಲಿಲ್ಲ. ಹೀಗಿರುವಾಗ ಆ ಪತ್ರಿಕೆಯ ಸಂಪಾದಕರು ಒಂದು ಧಾರಾವಾಹಿ ಬರೆಯಿರಿ ಎಂದರು. ಅದರಲ್ಲಿ ವಿಜ್ಞಾನ ಇರಬೇಕು, ಯುದ್ಧ ಇರಬೇಕು, ಕೊನೆಯಲ್ಲಿ ಓದುಗರು ಅಳಬೇಕು. ಡೀಸೆಲ್ಲಿಗೆ ತತ್ವಾರ ಬಂದು ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಕಾಲ ಅದು. ಡೀಸೆಲ್ಲೇ ಬೇಡದ ಒಂದು ಮಿಲಿಟರಿ ಲಾರಿಯನ್ನು ಕಲ್ಪಿಸಿಕೊಂಡೆ.

ಸೂರ್ಯನ ಹೊಟ್ಟೆಯೊಳಗೆ ಜಲಜನಕದ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಸೆದುಕೊಳ್ಳುತ್ತವೆ. ಬೆಸೆಯುವಾಗ ಶಾಖ ಹೊರಬರುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ. ದೊಡ್ಡ ದೊಡ್ಡ ದೇಶಗಳ ವಿಜ್ಞಾನಿಗಳು ಮನೆಯಷ್ಟು ದೊಡ್ಡ ಯಂತ್ರ ಕಟ್ಟಿಯೂ ಇದನ್ನು ಸಾಧಿಸಲಾಗದೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಒಂದೇ ಸಂಜೆಯಲ್ಲಿ ಅದನ್ನು ಬಚ್ಚಲುಮನೆಯ ಹಂಡೆಯ ಗಾತ್ರಕ್ಕೆ ಇಳಿಸಿದೆ. ಹಂಡೆಯೇ ಏಕೆಂದರೆ, ಬರೆಯುತ್ತಿದ್ದಾಗ ನನ್ನ ಸ್ನಾನಕ್ಕೆ ನೀರು ಕಾಯುತ್ತಿತ್ತು.

ಹೆಂಡತಿಯ ತೌರು ನರಸಿಂಹರಾಜಪುರ. ಮಾವ ಮಿಲಿಟರಿಯಲ್ಲಿ ಲಾರಿ ಓಡಿಸಿ ನಿವೃತ್ತರಾಗಿ ಬಂದು, ಪೇಟೆಯ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿ ಹೋದವರು ಮಧ್ಯಾಹ್ನ ಊಟಕ್ಕೆ ಬರುವಾಗ ಮುಖವೆಲ್ಲ ವಿಭೂತಿಯಾಗಿರುತ್ತಿತ್ತು. ಯಾವ ವಿಷಯವೇ ಇರಲಿ, ಅವರಿಗೆ ಗೊತ್ತಿಲ್ಲ ಎನ್ನುವ ಮಾತಿಲ್ಲ. ಜ್ವರಕ್ಕೆ ಔಷಧಿ, ಎಮ್ಮೆಗೆ ಹಿಂಡಿ, ಅಮೆರಿಕದ ಅಧ್ಯಕ್ಷ ಮಾಡಬೇಕಾದ ಕೆಲಸ, ಎಲ್ಲಕ್ಕೂ ಅವರ ಬಳಿ ತೀರ್ಮಾನ ಸಿದ್ಧವಾಗಿತ್ತು. ಅದರಲ್ಲಿ ಅರ್ಧ ತಪ್ಪು. ಯಾವ ಅರ್ಧ ಎಂದು ಕಂಡುಹಿಡಿಯುವುದೇ ಕಷ್ಟ.

ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಳಿಯನ ಮಾತಿಗೆ ಮಾವ ಎದುರಾಡುವಂತಿಲ್ಲ. ಬಸ್ಸು ಸಿಕ್ತಾ, ಕಾಲು ತೊಳೀರಿ, ಇನ್ನೊಂದು ಕಡುಬು ಹಾಕಿಸ್ಕೊಳ್ಳಿ ಎಂಬಷ್ಟನ್ನು ನೇರವಾಗಿ ಹೇಳಬಹುದು. ಅದಕ್ಕಿಂತ ಹೆಚ್ಚಿನದು, ಅದರಲ್ಲೂ ‘ನೀವು ಹೇಳಿದ್ದು ತಪ್ಪು’ ಎನ್ನುವಂಥದ್ದು, ಮಗಳಿಗೆ ಹೇಳಿ ಅವಳ ಮೂಲಕ ಬರಬೇಕು. ಮೂವರೂ ಒಂದೇ ಚಾಪೆಯ ಮೇಲೆ ಮೊಣಕಾಲು ತಾಗುವಂತೆ ಕೂತಿದ್ದರೂ ಮಾತು ಮಾತ್ರ ಸುತ್ತು ಹಾಕಿಕೊಂಡೇ ಬರುತ್ತಿತ್ತು. ಮಾವನ ಮಾವನೂ ಹೀಗೇ ಮಾಡುತ್ತಿದ್ದರಂತೆ. ಅಳಿಯನ ಮರ್ಯಾದೆಗೆ ಎಂದು ಮಾಡಿದ ಈ ವ್ಯವಸ್ಥೆಯಿಂದಾಗಿ, ನಾನು ಪ್ರತಿಯೊಂದು ಬೈಗುಳವನ್ನೂ ಎರಡೆರಡು ಸಲ ಕೇಳಬೇಕಾಗುತ್ತಿತ್ತು.

ಮೊದಲ ಕಂತು ಬಂದ ಭಾನುವಾರ ಅಲ್ಲಿಗೆ ಹೋದೆವು. ಸಣ್ಣ ಅಕ್ಷರ ಮಾವನಿಗೆ ಕಾಣುತ್ತಿರಲಿಲ್ಲ, ಕನ್ನಡಕ ಹಾಕುವುದು ಮಿಲಿಟರಿಯವನಿಗೆ ಅವಮಾನ ಎಂದು ಅವರ ಹಠ. ಹಾಗಾಗಿ ನನ್ನ ಹೆಂಡತಿ ಓದಿದಳು. ಲಾರಿಯ ಹೊಟ್ಟೆಯಲ್ಲಿ ಹತ್ತು ಕೋಟಿ ಡಿಗ್ರಿ ಶಾಖ ಎಂಬಲ್ಲಿಗೆ ಬಂದಾಗ ಮಾವ ಕೈ ಎತ್ತಿ ನಿಲ್ಲಿಸಿದರು.

“ಕೇಳೇ ಅವ್ರನ್ನ, ಅಷ್ಟು ಕಾವು ತಣ್ಸೋಕೆ ನೀರು ಎಲ್ಲಿಂದ ತರ್ತಾರಂತೆ?”

“ನೀರು ಎಲ್ಲಿಂದ ತರ್ತೀರಿ ಅಂತ ಕೇಳ್ತಿದಾರೆ ಅಪ್ಪ.”

“ಕೇಳಿಸ್ತು,” ಎಂದೆ.

“ಕೇಳಿಸ್ತಂತೆ ಅಪ್ಪ.”

ಮಾವ ಎದ್ದು, ಊಟಕ್ಕೂ ಕಾಯದೆ ಗಿರಣಿಗೆ ಹೊರಟುಹೋದರು. ನನಗೆ ಅವಮಾನವಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಹೇಳಿದೆ. ಆಗ ಹೆಂಡತಿ ಅದರ ಹಿಂದಿನ ಸಂಗತಿ ಹೇಳಿದಳು.

ಯುದ್ಧದ ಸಮಯದಲ್ಲಿ ಮಾವ ರಾಜಸ್ಥಾನದ ಮರಳುಗಾಡಿನಲ್ಲಿ ಲಾರಿ ಓಡಿಸುತ್ತಿದ್ದರಂತೆ. ಒಂದು ದಿನ ಗಾಯಗೊಂಡ ಸಿಪಾಯಿಯೊಬ್ಬನನ್ನು ಆಸ್ಪತ್ರೆಯ ಡೇರೆಗೆ ಸಾಗಿಸಬೇಕಾಯಿತು. ಎರಡು ವರ್ಷ ಮಾವನ ಜೊತೆ ಒಂದೇ ಡೇರೆಯಲ್ಲಿ ಮಲಗಿ ಎದ್ದವನು. ಅರ್ಧ ದಾರಿಯಲ್ಲಿ ರೇಡಿಯೇಟರು ಕುದಿದು ಲಾರಿ ನಿಂತಿತು. ಇದ್ದದ್ದು ಒಂದು ಕ್ಯಾನು ನೀರು. ಹಿಂದೆ ಮಲಗಿದ್ದವನು ನೀರು ಕೇಳುತ್ತಿದ್ದ. ಮಾವ ‘ತಡಿ, ಮುಟ್ಟಿಬಿಡ್ತೀವಿ’ ಎಂದು ಹೇಳಿ ಅಷ್ಟನ್ನೂ ರೇಡಿಯೇಟರಿಗೆ ಹೊಯ್ದರು. ಲಾರಿ ಆಸ್ಪತ್ರೆ ಮುಟ್ಟಿತು. ಅವನು ದಾರಿಯಲ್ಲೇ ತೀರಿಕೊಂಡಿದ್ದ.

“ಅಮ್ಮನ ಹತ್ರ ಒಂದೇ ಸಲ ಹೇಳಿದ್ರಂತೆ. ಬೇಗ ಮುಟ್ಟಿದ್ರೆ ಬದುಕ್ತಿದ್ದ ಅಂತ ಕೊರಗು ಅಂತಾಳೆ ಅಮ್ಮ. ನಮ್ಮ ಹತ್ರ ಬರೀ ಕ್ಯಾಂಟೀನಿನ ತಮಾಷೆ ಕತೆಗಳೇ,” ಎಂದಳು.

ಮುಂದಿನ ಭಾನುವಾರ ಮಾವ ಮೊದಲಿನ ಹಾಗೇ ಇದ್ದರು. ಮಗಳನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ನನ್ನಿಂದ ಎರಡು ಮೊಳ. “ಅವ್ರಿಗೆ ಹೇಳು, ಆ ಕತೆ ಲಾರೀಲಿ ಗಾಯ ಆದವ್ನು ಒಬ್ಬ ಇರ್ಲಿ. ಡ್ರೈವರಿನ ದೋಸ್ತು. ಅವ್ನನ್ನ ಸಾಗಿಸೋದೇ ಕತೆ ಆಗ್ಲಿ.” ನನಗೆ ಅರ್ಥವಾಯಿತು. ಅಲ್ಲಿಂದ ಮುಂದೆ ಧಾರಾವಾಹಿಯನ್ನು ಓದುವವರು ಎಷ್ಟು ಜನ ಇದ್ದರೋ ಗೊತ್ತಿಲ್ಲ, ನಾನು ಬರೆದದ್ದು ಮಾತ್ರ ಒಬ್ಬರಿಗಾಗಿ. ನೀರಿಲ್ಲದೆ ಓಡುವ ಎಂಜಿನ್ನು ಬೇಕು, ಆ ಗಾಯಾಳು ಮುಟ್ಟಬೇಕು. ಇಷ್ಟು ಸಣ್ಣ ಆಸೆ ಈಡೇರಿಸಲು ಸೂರ್ಯನನ್ನೇ ಪಳಗಿಸಬೇಕಾಗಿ ಬಂದದ್ದು ನನ್ನ ಗ್ರಹಚಾರ.

ಮೊದಲು ಆ ಶಾಖವನ್ನು ಹಿಡಿದಿಡಬೇಕಲ್ಲ. ಹತ್ತು ಕೋಟಿ ಡಿಗ್ರಿಯನ್ನು ತಡೆಯುವ ಪಾತ್ರೆ ಭೂಮಿಯ ಮೇಲಿಲ್ಲ. ಹಾಗಾಗಿ ಸುತ್ತಲೂ ಪ್ರಚಂಡ ಆಯಸ್ಕಾಂತಗಳನ್ನಿಟ್ಟು ಬೆಂಕಿಯುಂಡೆಯನ್ನು ಎಲ್ಲೂ ತಾಗದಂತೆ ನಡುವೆ ತೇಲಿಸುವುದು ಎಂದು ಬರೆದೆ. ಇದು ಪುಸ್ತಕದಲ್ಲೂ ಇತ್ತು, ಹಾಗಾಗಿ ಧೈರ್ಯವಾಗಿದ್ದೆ.

ಮಾವ ಕೇಳಿ ಮಗಳ ಕಡೆ ತಿರುಗಿದರು. “ಹೇಳು ಅವ್ರಿಗೆ. ಲಾರಿ ಕಬ್ಬಿಣದ್ದು. ಬಂದೂಕು ಕಬ್ಬಿಣದ್ದು. ಅಷ್ಟು ದೊಡ್ಡ ಆಯಸ್ಕಾಂತ ಮಧ್ಯ ಇಟ್ರೆ ಯುದ್ಧ ಮಾಡೋದು ಯಾವುದ್ರಲ್ಲಿ? ದೊಣ್ಣೇಲಾ?”

ಹೆಂಡತಿ ಅದನ್ನು ನನಗೆ ತಲುಪಿಸುವಾಗ ‘ಎಂ.ಎಸ್ಸಿ. ಮಾಡಿ ಎಂತ ಬಂತು’ ಎಂದು ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದಳು. ಮಾತು ಸಾಗಿಸುವವರಿಗೆ ಅಷ್ಟು ಸುಂಕ ಇರಬೇಕೆಂದು ಅವಳ ವಾದ. ಕಂತು ಆಗಲೇ ಅಚ್ಚಿಗೆ ಹೋಗಿಬಿಟ್ಟಿತ್ತು. ಬೇರೆ ದಾರಿ ಕಾಣದೆ ಮುಂದಿನ ಕಂತಿನಲ್ಲಿ, ಎಂಜಿನ್ನು ಚಾಲೂ ಮಾಡಿದ ಕೂಡಲೇ ಶಿಬಿರದ ಬಂದೂಕುಗಳೆಲ್ಲ ಹಾರಿಬಂದು ಬಾನೆಟ್ಟಿಗೆ ಅಂಟಿಕೊಂಡವು, ಅಡಿಗೆಯವನ ಕಾವಲಿ ಬಂತು, ಕೊನೆಗೆ ಎದೆಯ ಮೇಲೆ ಪದಕಗಳ ಸಾಲು ಚುಚ್ಚಿಕೊಂಡಿದ್ದ ಮೇಜರ್ ಸಾಹೇಬರೂ ಬಂದರು ಎಂದು ಬರೆದೆ. ಪದಕಗಳು ಕಬ್ಬಿಣದವಲ್ಲ ಎಂದು ಮಾವ ಹೇಳಿ ಕಳಿಸಿದರು. ಸಂಪಾದಕರು ಇದು ಹಾಸ್ಯ ಧಾರಾವಾಹಿಯೇ ಎಂದು ವಿಚಾರಿಸಿದರು. ಆಮೇಲೆ ಆಯಸ್ಕಾಂತದ ಬಲವನ್ನು ಮುಚ್ಚಿಡುವ ಒಂದು ತಗಡು ಕಂಡುಹಿಡಿದೆ. ಕತೆಗಾರನಿಗೆ ತಗಡು ಸಿಗದ ಅಂಗಡಿಯಿಲ್ಲ.

ಇಂಧನ ಸುಲಭವಿತ್ತು. ಸಾಮಾನ್ಯ ನೀರಿನಲ್ಲೇ ಕೊಂಚ ಭಾರದ ಜಲಜನಕ ಬೆರೆತಿರುತ್ತದೆ, ಅದನ್ನು ಸೋಸಿಕೊಂಡರೆ ಆಯಿತು. ಒಂದು ಸೀಸೆ ತುಂಬಿಸಿಕೊಂಡರೆ ಲಾರಿ ವರ್ಷಗಟ್ಟಲೆ ಓಡುತ್ತದೆ. ಭದ್ರಾ ಹಿನ್ನೀರಿನಲ್ಲಿ ಇಡೀ ಸೈನ್ಯಕ್ಕೆ ಸಾಕಾಗುವಷ್ಟಿದೆ ಎಂದೂ ಬರೆದುಬಿಟ್ಟೆ. ಅತ್ತೆ ಒಳಗಿನಿಂದಲೇ, “ನಮ್ಮ ಗದ್ದೆ ನುಂಗಿದ ನೀರು ಅಷ್ಟಕ್ಕಾದ್ರೂ ಬರ್ಲಿ,” ಎಂದರು. ಅತ್ತೆಗೆ ನನ್ನ ಜೊತೆ ನೇರ ಮಾತಾಡಲು ಅಡ್ಡಿಯಿರಲಿಲ್ಲ. ಆದರೆ ಅವರು ಮಾತಾಡುತ್ತಿದ್ದದ್ದು ಹೆಚ್ಚಾಗಿ ಪಾತ್ರೆಗಳ ಜೊತೆ.

ಈ ಹಿನ್ನೀರಿನ ಕಂತಿನಿಂದ ಪೇಚಾಟ ಶುರುವಾಯಿತು. ಮೇಷ್ಟ್ರು ನೀರಿನಲ್ಲಿ ಗಾಡಿ ಓಡಿಸ್ತಾರಂತೆ ಎಂಬ ಸುದ್ದಿ ಕಮ್ಮರಡಿಯ ಕಡೆಯಿಂದ ಬರುವ ಬಸ್ಸುಗಳಲ್ಲಿ ಹತ್ತಿ ಇಳಿದು ಊರೂರು ತಿರುಗಿತು. ಒಂದು ಸಂಜೆ ಕೊಪ್ಪದ ನಮ್ಮ ಬಾಡಿಗೆ ಮನೆಯ ಮುಂದೆ ಜೀಪೊಂದು ಬುಸುಗುಡುತ್ತ ಬಂದು ನಿಂತಿತು. ಬಸರೀಕಟ್ಟೆಯ ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಸಾಹೇಬರೊಬ್ಬರು ಇಳಿದರು.

“ಮೇಷ್ಟ್ರೇ, ನಂದೂ ಮಿಲಿಟರಿ ಜೀಪೇ. ಹರಾಜಲ್ಲಿ ತಗೊಂಡಿದ್ದು. ಇದಕ್ಕೂ ಒಂದು ಕೂರ್ಸಿಕೊಡಿ.”

“ಸಾಹೇಬ್ರೇ, ಅದು ಕತೆ.”

“ಕತೆ ಅಂತ ಗೊತ್ತು ಮಾರಾಯ್ರೆ. ಕತೆಗಿಂತ ಮುಂಚೆ ಒಂದು ಮಾಡಿ ನೋಡಿರ್ತೀರಲ್ಲ?”

ಇಲ್ಲ ಎಂದು ನಂಬಿಸಲು ಅವರಿಗೆ ಕಾಫಿ ಕೊಟ್ಟು, ಬಚ್ಚಲು, ಕೊಟ್ಟಿಗೆ ಎಲ್ಲ ತೋರಿಸಬೇಕಾಯಿತು. ಹಂಡೆಯ ಮುಚ್ಚಳ ತೆಗೆದು ನೋಡಿಯೇ ಅವರಿಗೆ ಸಮಾಧಾನ. ಹೊರಡುವಾಗ, “ಹಾಗಾದ್ರೆ ರೇಡಿಯೇಟರಿಗಾದ್ರೂ ಒಂದು ಕೊಡ ನೀರು ಕೊಡ್ಸಿ,” ಎಂದರು. ಎರಡು ಕೊಡ ಬೇಕಾಯಿತು. ಕುಡಿಯುವ ನೀರಿನ ಕೊಡ ಎತ್ತಿಕೊಟ್ಟು ಹೆಂಡತಿ ಸುಮ್ಮನೆ ನನ್ನ ಮುಖ ನೋಡಿದಳು.

ಶೃಂಗೇರಿಯ ಕಾಲೇಜು ಅಧ್ಯಾಪಕರೊಬ್ಬರ ಕಾರ್ಡುಗಳೂ ಈ ಹೊತ್ತಿಗೆ ಬರತೊಡಗಿದ್ದವು. ಅವರು ಬೈಯುತ್ತಿರಲಿಲ್ಲ, ಅದೇ ತೊಂದರೆ. ‘ಮಾನ್ಯರೆ, ತಮ್ಮ ಎಂಜಿನ್ನು ಉಷ್ಣಶಾಸ್ತ್ರದ ಎರಡನೆಯ ನಿಯಮವನ್ನು ಉಲ್ಲಂಘಿಸುತ್ತಿದೆ, ಗಮನಿಸಿ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. “ಪೊಲೀಸ್ರಿಗೆ ಹೇಳ್ತಾರಾ ರೀ?” ಎಂದಳು ಹೆಂಡತಿ. ಅಧ್ಯಾಪಕರ ಮಾತು ಸರಿಯೇ ಆಗಿತ್ತು. ಯಾವ ಎಂಜಿನ್ನೇ ಆಗಲಿ, ಸೂರ್ಯನನ್ನೇ ಕೂರಿಸಿದರೂ, ಒಂದಷ್ಟು ಶಾಖವನ್ನು ಹೊರಗೆ ಚೆಲ್ಲಲೇಬೇಕು. ಚೆಲ್ಲಲು ನೀರು ಬೇಕು, ಇಲ್ಲವೆ ಗಾಳಿ. ಪ್ರಕೃತಿ ನಿಯಮ ಮಾಡುವಾಗ ನಮ್ಮ ಮಾವನನ್ನು ಕೇಳಿರಲಿಲ್ಲ.

ನೀರು ಬಿಟ್ಟು ಗಾಳಿಗೆ ಬಂದೆ. ಲಾರಿಯ ನೆತ್ತಿಯ ಮೇಲೆ ತಾಮ್ರದ ದೊಡ್ಡ ರೆಕ್ಕೆಗಳನ್ನು ಹರಡಿದೆ, ಶಾಖ ಆ ರೆಕ್ಕೆಗಳಿಂದ ಆಕಾಶಕ್ಕೆ ಹೋಗಲಿ ಎಂದು. ಚಿತ್ರ ಬರೆದು ತೋರಿಸಿದಾಗ ಅತ್ತೆ, ಅದರ ಮೇಲೆ ಹಪ್ಪಳ ಎಷ್ಟು ಚೆನ್ನಾಗಿ ಒಣಗುತ್ತೆ ಎಂದರು. ಮಾವನಿಗೆ ರೆಕ್ಕೆ ಹಿಡಿಸಿತು. ಆದರೆ ಅಷ್ಟಕ್ಕೇ ಬಿಡಲಿಲ್ಲ.

“ಕುಡಿಯೋ ನೀರಿನ ಟ್ಯಾಂಕು ಬೇರೇನೇ ಇರ್ಲಿ ಅಂತ ಹೇಳು. ಅದಕ್ಕೊಂದು ಬೀಗ. ಬೀಗದ ಕೈ ಡ್ರೈವರಿನ ಕೈಗೆ ಸಿಗಬಾರ್ದು.”

“ಮತ್ತೆ ಯಾರ ಹತ್ರ ಇರ್ಬೇಕಂತೆ, ಕೇಳು,” ಎಂದೆ. ಇಷ್ಟು ಹೊತ್ತಿಗೆ ನನಗೂ ಆ ಚಾಳಿ ಅಂಟಿತ್ತು.

“ಗಾಯ ಆದವ್ನ ಹತ್ರ.”

ಎಂಜಿನ್ನೇ ನೀರು ಕೇಳದ ಮೇಲೆ ಬೀಗ ಏಕೆ ಎಂದು ನಾನು ವಾದಿಸಲಿಲ್ಲ. ಬೀಗದ ಕೈಯನ್ನು ದಾರದಲ್ಲಿ ಕಟ್ಟಿ ಗಾಯಾಳುವಿನ ಕೊರಳಿಗೆ ಹಾಕಿದೆ.

ವಾರ ವಾರ ಲಾರಿ ಮರಳುಗಾಡಿನಲ್ಲಿ ಮುಂದೆ ಸಾಗಿತು. ಮಾವ ಗಿರಣಿಗೆ ಬಂದವರಿಗೆಲ್ಲ ಅದು ಎಲ್ಲಿಯವರೆಗೆ ಹೋಯಿತೆಂದು ವರದಿ ಒಪ್ಪಿಸುತ್ತಿದ್ದರಂತೆ, ನಿಜವಾದ ಲಾರಿಯೊಂದು ಬಾಳೆಹೊನ್ನೂರು ದಾಟಿತು ಎನ್ನುವ ಹಾಗೆ. ಅವರು ಇಷ್ಟು ಉತ್ಸಾಹದಿಂದ ಇದ್ದದ್ದನ್ನು ಮದುವೆಯಾದ ಮೇಲೆ ನೋಡಿಯೇ ಇಲ್ಲ ಎಂದು ಅತ್ತೆ ಹೇಳಿದರು. ನನಗೆ ಒಳಗೊಳಗೇ ಹೆದರಿಕೆ ಹತ್ತಿತು. ಕತೆ ಮುಗಿಯುವ ದಿನ ಹತ್ತಿರ ಬರುತ್ತಿತ್ತು.

ಆಗಲೇ ಸಂಪಾದಕರಿಂದ ಅಪ್ಪಣೆ ಬಂತು. ಕೊನೆಯ ಕಂತಿನಲ್ಲಿ ಎಂಜಿನ್ನು ಸಿಡಿಯಬೇಕು, ಗಾಯಾಳು ಸಾಯಬೇಕು. ಓದುಗರು ಇಷ್ಟು ವಾರ ಕಾದದ್ದು ಒಬ್ಬ ಸಿಪಾಯಿ ಆಸ್ಪತ್ರೆಯಲ್ಲಿ ಗಂಜಿ ಕುಡಿಯುವುದನ್ನು ನೋಡಲು ಅಲ್ಲ ಎಂದು ಬರೆದಿದ್ದರು. ಮುಂದಿನ ಧಾರಾವಾಹಿಯ ಮಾತನ್ನೂ ಎತ್ತಿ, ಅದು ಇದರ ಮುಕ್ತಾಯದ ಮೇಲೆ ನಿಂತಿದೆ ಎಂದು ಸೂಚಿಸಿದ್ದರು. ನನಗೆ ಸಿಟ್ಟು ಬಂತು. ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಒಬ್ಬನನ್ನು ಕೊಲ್ಲಿ ಎನ್ನುವುದು ಎಷ್ಟು ಸುಲಭ! ನರಸಿಂಹರಾಜಪುರದ ಚಾಪೆಯ ಮೇಲೆ ಕೂತು ಆ ಸಾವನ್ನು ಓದಿ ಹೇಳಬೇಕಾದವಳು ನನ್ನ ಹೆಂಡತಿ.

ಸಂಪಾದಕರ ಮಾತು ಕೇಳುವುದಿಲ್ಲ ಎಂದು ತೀರ್ಮಾನಿಸಿದೆ. ಆ ಭಾನುವಾರ ಊಟ ಮುಗಿದ ಮೇಲೆ, ಎಲ್ಲರಿಗೂ ಕೇಳುವಂತೆ, ಕೊನೆಯ ಕಂತನ್ನು ಮೊದಲೇ ಬಿಡಿಸಿ ಹೇಳಿದೆ. ಲಾರಿ ಒಂದು ಕ್ಷಣವೂ ನಿಲ್ಲದೆ ಗಾಳಿಯಂತೆ ಓಡುತ್ತದೆ. ಗಾಯಾಳು ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಮುಟ್ಟುತ್ತಾನೆ, ಬದುಕುತ್ತಾನೆ, ದಾದಿಯೊಬ್ಬಳನ್ನು ಮದುವೆಯೂ ಆಗುತ್ತಾನೆ. ಹೇಳಿ ಮುಗಿಸಿ, ಬಹುಮಾನ ಪಡೆಯಲು ವೇದಿಕೆ ಹತ್ತಿದವನಂತೆ ಮಾವನ ಕಡೆ ನೋಡಿದೆ.

ಮಾವ ಮಗಳ ಕಡೆ ತಿರುಗಲಿಲ್ಲ.

“ಅಲ್ಲ,” ಎಂದರು. ನನ್ನ ಮುಖವನ್ನೇ ನೋಡುತ್ತಿದ್ದರು. “ನೀವು ತಪ್ಪು ಮಾಡ್ತಿದೀರಿ.”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಅವ್ನು ಬದುಕ್ತಿರ್ಲಿಲ್ಲ. ಲಾರಿಗೆ ಹತ್ತಿಸ್ಕೊಳ್ಳೋವಾಗ್ಲೇ ನಂಗೆ ಗೊತ್ತಿತ್ತು, ಅಷ್ಟು ರಕ್ತ ಹೋಗಿತ್ತು. ಎಷ್ಟು ಬೇಗ ಮುಟ್ಟಿದ್ರೂ ಬದುಕ್ತಿರ್ಲಿಲ್ಲ. ಗೊತ್ತಿದ್ದೂ ನೀರನ್ನ ಎಂಜಿನ್ನಿಗೆ ಹುಯ್ದೆ. ಮುಟ್ಟಿಸ್ಬೇಕು ಅಂತ ಆರ್ಡರು, ಮುಟ್ಟಿಸ್ದೆ. ಅವ್ನು ಆಸ್ಪತ್ರೆ ಕೇಳಿರ್ಲಿಲ್ಲ ಮಾರಾಯ್ರೆ. ನೀರು ಕೇಳಿದ್ದ.” ಚಾಪೆಯ ಮೇಲೆ ನನ್ನ ಕಡೆಗೆ ಸರಿದು ಕೂತರು. “ನಿಮ್ಮ ಎಂಜಿನ್ನು ಎಂತಾದ್ರೂ ಆಗ್ಲಿ. ಗಾಡಿ ನಿಲ್ಸಿ. ಕೆಳಗಿಳ್ದು ಅವ್ನಿಗೆ ನೀರು ಕುಡ್ಸಿ.”

ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ, “ಆಗಲಿ ಅಂತ ಹೇಳು,” ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನೇ ಹೇಳಬೇಕಾಯಿತು.

“ಆಗಲಿ ಮಾವ.”

ಕೊಪ್ಪಕ್ಕೆ ಬಂದು ಆ ಕಂತನ್ನು ಬರೆದೆ. ಅಷ್ಟು ತಿಂಗಳು ಕಷ್ಟಪಟ್ಟು ನಿಲ್ಲದ ಎಂಜಿನ್ನನ್ನು ಕಟ್ಟಿ, ಈಗ ಅದನ್ನು ನಟ್ಟನಡು ಮರಳುಗಾಡಿನಲ್ಲಿ ನಿಲ್ಲಿಸಬೇಕು. ಹೊತ್ತಿಕೊಂಡ ಸೂರ್ಯನನ್ನು ಆರಿಸುವುದು ಹೇಗೆಂದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ‘ಚಾಲಕ ಎಂಜಿನ್ ನಿಲ್ಲಿಸಿದ’ ಎಂದಷ್ಟೇ ಬರೆದು ಮುಂದೆ ಹೋದೆ. ಅವನು ಕೆಳಗಿಳಿದು, ಗೆಳೆಯನ ಕೊರಳಲ್ಲಿದ್ದ ಬೀಗದ ಕೈಯಿಂದ ನೀರಿನ ಟ್ಯಾಂಕಿನ ಬೀಗ ತೆಗೆಯುತ್ತಾನೆ. ಗೆಳೆಯನನ್ನು ಲಾರಿಯ ನೆರಳಿಗೆ ಇಳಿಸಿಕೊಂಡು ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಲೋಟ ತುಂಬ ನೀರು ಹಿಡಿದು ಬಾಯಿಗೆ ಇಡುತ್ತಾನೆ. ಗೆಳೆಯ ಕುಡಿಯುತ್ತಾನೆ, ಗಲ್ಲದ ಮೇಲೆಲ್ಲ ಚೆಲ್ಲಿಕೊಳ್ಳುತ್ತಾನೆ, ಇನ್ನೂ ಬೇಕು ಎನ್ನುತ್ತಾನೆ. ಇನ್ನೊಂದು ಲೋಟ ಕುಡಿಯುತ್ತಾನೆ. ಸಾಕು ಎನ್ನುತ್ತಾನೆ. ಆಮೇಲೆ ಸಾಯುತ್ತಾನೆ.

ಸಂಪಾದಕರಿಗೆ ಬೇಕಾದ ಹೆಣ ಸಿಕ್ಕಿತು, ಅವರು ಖುಷಿಯಾಗಿ ಅಚ್ಚು ಹಾಕಿದರು. ಎಂಜಿನ್ನು ಸಿಡಿಯದ್ದನ್ನು ಅವರು ಗಮನಿಸಿದಂತೆಯೇ ಕಾಣಲಿಲ್ಲ. ಶೃಂಗೇರಿಯ ಅಧ್ಯಾಪಕರು ಮಾತ್ರ, ಅಂಥ ಯಂತ್ರವನ್ನು ಹಾಗೆ ಏಕಾಏಕಿ ನಿಲ್ಲಿಸಲು ಬರುವುದಿಲ್ಲ ಎಂದು ಎಂದಿನ ಮರ್ಯಾದೆಯಿಂದ ಕಾರ್ಡು ಹಾಕಿದರು. ಕಾರ್ಡನ್ನು ಹೆಂಡತಿ ಒಲೆಗೆ ಹಾಕಿದಳು.

ಪತ್ರಿಕೆ ಹಿಡಿದುಕೊಂಡು ಮತ್ತೆ ನರಸಿಂಹರಾಜಪುರಕ್ಕೆ ಹೋದೆವು. ಮಾವ ಎಂದೂ ಇಲ್ಲದಂತೆ ಗಿರಣಿ ಮುಚ್ಚಿ, ಒಗೆದ ಅಂಗಿ ಹಾಕಿಕೊಂಡು, ಮುಖ ತೊಳೆದು ಕೂತಿದ್ದರು. ಹಣೆಯ ಮೇಲೆ ವಿಭೂತಿ ಮಾತ್ರ ಇತ್ತು, ಹಿಟ್ಟಿರಲಿಲ್ಲ. ಅತ್ತೆಯೂ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತರು. ಹೆಂಡತಿ ಮೊದಲಿನಿಂದ ಕೊನೆಯವರೆಗೂ ನಿಧಾನವಾಗಿ ಓದಿದಳು. ಮಾವ ನಡುವೆ ಒಂದು ಸಲವೂ ಕೈ ಎತ್ತಲಿಲ್ಲ. ಅವಳು ಓದಿ ಮುಗಿಸಿ ಪತ್ರಿಕೆ ಮಡಚಿದಳು. ನಾನು ಅವರ ಮುಖ ನೋಡಲಾರದೆ ಚಾಪೆಯ ಅಂಚನ್ನು ಕೀಳುತ್ತ ಕೂತಿದ್ದೆ.

“ಇನ್ನೊಂದ್ಸಲ ಓದು ಮಗಾ,” ಎಂದರು ಮಾವ. “ಪೂರ್ತಿ ಬೇಡ. ನೀರು ಕುಡ್ಸಿದ್ದಷ್ಟು ಸಾಕು.”